ಒಂದೇ ಶಾಲೆಯಲ್ಲಿ 31 ಮನೆ, ಮೂರು ಲೆಕ್ಕದ ಪುಸ್ತಕ: ಮೂಡಿಗೆರೆ ಕಡೆಯ ಒಂದು ಜಕಾತ್ ಪ್ರಕರಣ

ನಾನು ಜಮಾತಿನವನಲ್ಲ, ಮುಸ್ಲಿಮನೂ ಅಲ್ಲ. ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್‌ನಲ್ಲಿ, ಅಂದರೆ ಕಾಫಿ ಬೀಜ ಹದಮಾಡುವ ಕಾರ್ಖಾನೆಯಲ್ಲಿ, 26 ವರ್ಷ ಲೆಕ್ಕ ಬರೆದವನು. ಅಲ್ಲಿ ಗೋಡೌನ್ ನೋಡಿಕೊಳ್ಳುತ್ತಿದ್ದ ಗೆಳೆಯರೊಬ್ಬರು ರಿಟೈರ್ ಆದ ಮೇಲೆ ಹಜ್‌ಗೆ ಹೋಗಿ ಬಂದರು. ಮೂಡಿಗೆರೆ ತಾಲ್ಲೂಕಿನ ತಮ್ಮ ಸಣ್ಣ ಊರಿನಲ್ಲಿ ಮಸೀದಿ ಕಮಿಟಿಯ ಕಾರ್ಯದರ್ಶಿಯೂ ಆದರು. ಊರಿಗೆಲ್ಲ ಅವರು ಹಾಜಿಗಳು, ಈ ಬರಹದಲ್ಲೂ ಹಾಗೇ ಕರೆಯುತ್ತೇನೆ. 2019ರ ಆಗಸ್ಟ್‌ನಲ್ಲಿ ಅವರ ಫೋನ್ ಬಂತು. "ಮಾರಾಯ್ರೇ, ದುಡ್ಡು ಬರ್ತಾ ಉಂಟು, ಲೆಕ್ಕ ಇಡುವವರಿಲ್ಲ. ಒಂದು ವಾರ ಬನ್ನಿ" ಅಂದರು. ಒಂದು ವಾರಕ್ಕೆ ಅಂತ ಹೋದವನು ಎರಡು ವರ್ಷ ಆ ಲೆಕ್ಕ ನೋಡಿದೆ.

ಆ ಲೆಕ್ಕದ ಕತೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಊರಿನ ಹೆಸರನ್ನೂ ಜನರ ಹೆಸರನ್ನೂ ಬಿಟ್ಟಿದ್ದೇನೆ. ಮೊತ್ತಗಳನ್ನು ಸಾವಿರಕ್ಕೆ ದುಂಡು ಮಾಡಿದ್ದೇನೆ.

ಏನಾಗಿತ್ತು

ಆ ವರ್ಷ ಆಗಸ್ಟ್ ಎರಡನೇ ವಾರದ ಮಳೆ ಈ ಕಡೆಯವರಿಗೆ ಇನ್ನೂ ನೆನಪಿದೆ. ಚಾರ್ಮಾಡಿ ಘಾಟಿ ಮುಚ್ಚಿತ್ತು. ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಕುಸಿದು ಮನೆ, ತೋಟ ಎರಡೂ ಹೋದವು. ಉತ್ತರ ಕರ್ನಾಟಕದಲ್ಲಿ ಬೆಳಗಾವಿ, ಬಾಗಲಕೋಟೆ ಮುಳುಗಿದ್ದವು. ಪಕ್ಕದ ಕೇರಳದಲ್ಲಿ ಕವಳಪ್ಪಾರ, ಪುತ್ತುಮಲೆಯಲ್ಲಿ ಗುಡ್ಡ ಊರನ್ನೇ ನುಂಗಿತ್ತು. ಬಕ್ರೀದ್ ಬಿದ್ದದ್ದು 12ನೇ ತಾರೀಕು, ಸೋಮವಾರ. ಹೊಸ ಬಟ್ಟೆ ಹಾಕಿಕೊಂಡು ಈದ್ಗಾಕ್ಕೆ ಹೋಗಬೇಕಾದ ಹುಡುಗರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹಳ್ಳ ದಾಟುತ್ತಿದ್ದರು.

ಊರಿನ ಸರ್ಕಾರಿ ಶಾಲೆ ಗಂಜಿ ಕೇಂದ್ರವಾಯಿತು. ಅಲ್ಲಿಗೆ ಬಂದದ್ದು 31 ಮನೆಯವರು. ಆ ಪಟ್ಟಿಯನ್ನು ನಾನು ಎರಡು ರೀತಿ ಬರೆದೆ. ಮೊದಲು ಕಾಗದದ ಪ್ರಕಾರ. ಹಕ್ಕುಪತ್ರ ಇದ್ದವರು 12 ಮನೆ. ತೋಟದ ಲೈನ್ ಮನೆಯಲ್ಲಿ, ಅಂದರೆ ಕೂಲಿಯವರಿಗೆ ಕಟ್ಟಿದ ಸಾಲು ಮನೆಯಲ್ಲಿ, ಇದ್ದವರು 14. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡು 94ಸಿ ಅರ್ಜಿ (ಅಂಥ ಮನೆಯನ್ನು ಸಕ್ರಮ ಮಾಡಿಕೊಡಿ ಎಂಬ ಅರ್ಜಿ) ಹಾಕಿ ಕಾಯುತ್ತಿದ್ದವರು 5. ಆಮೇಲೆ ಧರ್ಮದ ಪ್ರಕಾರ. ಮುಸ್ಲಿಮರು 9 ಮನೆ, ಉಳಿದವರು 22. ಎರಡನೇ ಪಟ್ಟಿ ಬರೆಯುವಾಗ ನನಗೆ ಮುಜುಗರವಾಗಿತ್ತು. ಗಂಜಿಗೆ ಕೂತವರ ಜಾತಿ ಧರ್ಮ ಕೇಳುವುದೇನು ಅಂತ. ಆದರೆ ಆ ಪಟ್ಟಿ ಇಲ್ಲದೆ ಈ ದುಡ್ಡನ್ನು ಸರಿಯಾಗಿ ಕೊಡುವುದಕ್ಕೇ ಆಗುತ್ತಿರಲಿಲ್ಲ.

ಸರ್ಕಾರದ ತಕ್ಷಣದ ಪರಿಹಾರ 10,000 ರೂಪಾಯಿ ಬಂತು. ಪೂರ್ತಿ ಹೋದ ಮನೆಗೆ 5 ಲಕ್ಷ, ಕಟ್ಟಿಕೊಳ್ಳುವವರೆಗೆ ತಿಂಗಳಿಗೆ 5,000 ಬಾಡಿಗೆ ಎಂದು ಘೋಷಣೆಯೂ ಆಯಿತು. ಅದಕ್ಕೆ ಮನೆ ನಮ್ಮದು ಎಂದು ತೋರಿಸುವ ಕಾಗದ ಬೇಕಲ್ಲ. ಲೈನ್ ಮನೆ ತೋಟದ ಯಜಮಾನರದು. ಮೂವತ್ತು ವರ್ಷ ಅಲ್ಲೇ ಅಡುಗೆ ಮಾಡಿ, ಅಲ್ಲೇ ಹೆತ್ತವರಿಗೂ ಅದು ಅವರ ಮನೆಯಲ್ಲ. ಗುಡ್ಡ ಜಾರಿದ ಮೇಲೆ ತೋಟದಲ್ಲಿ ಕೆಲಸವೂ ಇಲ್ಲ, ಲೈನೂ ಇಲ್ಲ. ಹೀಗೆ ಕಾಗದವಿಲ್ಲದ 19 ಮನೆಯವರೇ ಈ ಪ್ರಕರಣದ ನಡುಮಧ್ಯದಲ್ಲಿ ಇರುವವರು.

ದುಡ್ಡು ಎಲ್ಲಿಂದ, ಯಾವ ಬಗೆಯದು

ಜಕಾತ್ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ನನಗೂ ಆಗ ಗೊತ್ತಿದ್ದದ್ದು ಇಷ್ಟೇ: ರಂಜಾನ್‌ನಲ್ಲಿ ಶ್ರೀಮಂತ ಮುಸ್ಲಿಮರು ಬಡವರಿಗೆ ಕೊಡುವ ದಾನ. ಅದು ತಪ್ಪು. ಜಕಾತ್ ದಾನವಲ್ಲ, ಕೊಡಲೇಬೇಕಾದದ್ದು. ಒಬ್ಬರ ಕೈಯಲ್ಲಿ ಒಂದು ಮಿತಿಗಿಂತ ಜಾಸ್ತಿ ಉಳಿತಾಯ ಒಂದು ಚಾಂದ್ರಮಾನ ವರ್ಷ ಇದ್ದರೆ ಅದರಲ್ಲಿ ನೂರಕ್ಕೆ ಎರಡೂವರೆ ಅವರದಲ್ಲ, ಬಡವರದು. ಆ ಮಿತಿಗೆ ನಿಸಾಬ್ ಅನ್ನುತ್ತಾರೆ. ಇಸ್ಲಾಮಿನ ಕಾನೂನಿನಲ್ಲಿ ಹಲವು ಪದ್ಧತಿ ಇವೆ, ಅದರಲ್ಲಿ ನಮ್ಮ ದೇಶದ ಹನಫಿ ಪದ್ಧತಿಯ ಲೆಕ್ಕದಲ್ಲಿ ಏಳೂವರೆ ತೊಲ ಚಿನ್ನ ಅಥವಾ 52.5 ತೊಲ ಬೆಳ್ಳಿ. ಗ್ರಾಂನಲ್ಲಿ 87.48 ಮತ್ತು 612.36. ಒಂದು ಕಾಲದಲ್ಲಿ ಎರಡರ ಬೆಲೆಯೂ ಹತ್ತಿರ ಹತ್ತಿರ ಇತ್ತಂತೆ. 2019ರ ಆಗಸ್ಟ್‌ನಲ್ಲಿ ಬೆಳ್ಳಿಯ ನಿಸಾಬ್ ಸುಮಾರು 27 ಸಾವಿರ ರೂಪಾಯಿ, ಚಿನ್ನದ್ದು 3 ಲಕ್ಷದ ಮೇಲೆ. ಈ ಅಂತರ ಮುಂದೆ ನಮ್ಮನ್ನು ಒಂದು ಇಡೀ ರಾತ್ರಿ ಕೂರಿಸಿತು.

ಜಕಾತ್ ಯಾರಿಗೆ ಹೋಗಬೇಕು ಎಂದು ಕುರ್‌ಆನ್‌ನ 9ನೇ ಅಧ್ಯಾಯದ 60ನೇ ವಚನದಲ್ಲಿ ಎಂಟು ಬಗೆಯವರನ್ನು ಹೇಳಿದೆ. ಬಡವರು, ಏನೂ ಇಲ್ಲದವರು, ಜಕಾತ್ ಸಂಗ್ರಹಿಸುವ ಕೆಲಸದವರು, ಮನಸ್ಸು ಒಲಿಸಬೇಕಾದವರು, ಗುಲಾಮರ ಬಿಡುಗಡೆ, ಸಾಲದಲ್ಲಿ ಬಿದ್ದವರು, ಅಲ್ಲಾಹನ ಮಾರ್ಗ, ದಾರಿಯಲ್ಲಿ ಸಿಕ್ಕಿಕೊಂಡ ಪ್ರಯಾಣಿಕ. 'ಮನೆ ಕಳೆದುಕೊಂಡವರು' ಎಂಬ ಒಂಬತ್ತನೇ ಬಗೆ ಇಲ್ಲ. ಆದರೆ ಗಂಜಿ ಕೇಂದ್ರದ ಬೆಂಚಿನ ಮೇಲೆ ಕೂತವರನ್ನು ನೋಡಿದರೆ ಈ ಎಂಟರಲ್ಲಿ ನಾಲ್ಕು ಬಗೆಯವರು ಎದುರಿಗೇ ಇದ್ದರು.

ರಂಜಾನ್ ಜೂನ್ 5ಕ್ಕೇ ಮುಗಿದಿತ್ತು. ಆಗ ಬಂದ ಜಕಾತ್‌ನಲ್ಲಿ ಮಕ್ಕಳ ಫೀಸಿಗೆ ಎಂದು ಇಟ್ಟಿದ್ದ 1,40,000 ಕಮಿಟಿಯ ಹತ್ತಿರ ಉಳಿದಿತ್ತು. ಬಕ್ರೀದ್ ವಾರದಲ್ಲಿ ಇನ್ನೂ 3,10,000 ಬಂತು. ಅದರಲ್ಲಿ ಹೆಚ್ಚಿನದು ಮುಂದಿನ ರಂಜಾನ್‌ನ ಜಕಾತನ್ನು ಈಗಲೇ ಕೊಡುತ್ತೇವೆ ಎಂದು ಕೊಟ್ಟದ್ದು. ಹಾಗೆ ಮುಂಗಡ ಕೊಡುವುದಕ್ಕೆ ಅವಕಾಶ ಇದೆ. ಜೊತೆಗೆ ಸದಕಾ, ಅಂದರೆ ತಾವಾಗಿಯೇ ಕೊಟ್ಟ ದಾನ, 1,90,000. ಇದರಲ್ಲಿ ಪೇಟೆಯ ಹಿಂದೂ, ಕ್ರಿಶ್ಚಿಯನ್ ಅಂಗಡಿಯವರ ದುಡ್ಡೂ ಇತ್ತು. ಕುರ್ಬಾನಿ ತೊಗಲಿನ ದುಡ್ಡನ್ನೂ ಇದಕ್ಕೇ ಸೇರಿಸಿದರು. ತೊಗಲಿಗೆ ಆ ಹೊತ್ತಿಗೆ ಬೆಲೆಯೇ ಇರಲಿಲ್ಲ, ಹಾಗಾಗಿ ಅದು ಹೆಸರಿಗಷ್ಟೇ.

ಇನ್ನೊಂದು 38,000 ಇತ್ತು. ಬಡ್ಡಿ ದುಡ್ಡು. ಬ್ಯಾಂಕಿನಲ್ಲಿ ತಾನಾಗಿ ಬೀಳುವ ಬಡ್ಡಿಯನ್ನು ತಿನ್ನದವರು ಅದನ್ನು ಪುಣ್ಯದ ಆಸೆ ಇಲ್ಲದೆ ಕೈಬಿಡುತ್ತಾರೆ. ಅದನ್ನು ಶಾಲೆಯ ಪಾಯಿಖಾನೆಯ ಬಾಗಿಲು, ಪೈಪು, ನೀರಿನ ಟ್ಯಾಂಕಿಗೆ ಹಾಕಿದೆವು. "ಬಡ್ಡಿ ದುಡ್ಡಿಗೆ ಅದೇ ಸರಿಯಾದ ಜಾಗ" ಅಂತ ಹಾಜಿಗಳು ನಕ್ಕರು. ಆ ಲೆಕ್ಕ ಅಲ್ಲಿಗೆ ಮುಗಿಯಿತು.

ಮೊದಲನೇ ತಪ್ಪು

ನಾನು ಬರುವುದಕ್ಕೆ ಮೊದಲೇ ಒಂದು ಕೆಲಸ ಆಗಿಹೋಗಿತ್ತು. ಹುಡುಗರು ಜಕಾತ್ ದುಡ್ಡಿನಿಂದಲೇ 62,000 ತೆಗೆದು ಕಂಬಳಿ, ಚಾಪೆ, ಪಾತ್ರೆ ತಂದು 31 ಮನೆಗೂ ಹಂಚಿದ್ದರು. ಮನೆಗೆ ಎರಡು ಸಾವಿರದ ಸಾಮಾನು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದರು. ಆದರೆ ಅಷ್ಟರಲ್ಲಿ ಕಂಬಳಿ ಎಲ್ಲ ಕಡೆಯಿಂದಲೂ ಬಂದಿತ್ತು. ಶಾಲೆಯ ಸ್ಟೋರ್ ರೂಮಿನಲ್ಲಿ ಹಳೆ ಬಟ್ಟೆಯ ಗುಡ್ಡವೇ ಬಿದ್ದಿತ್ತು, ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಲೈನಿನ ಒಬ್ಬ ಹೆಂಗಸು ನನ್ನನ್ನು ಕೇಳಿದರು: "ಎರಡು ಚಾಪೆ ಕೊಟ್ರಿ ಅಣ್ಣ. ಹಾಸೋಕೆ ನೆಲ ಎಲ್ಲಿದೆ?"

ಅವರಿಗೆ ಬೇಕಿದ್ದದ್ದು ಬಾಡಿಗೆ ಮನೆಯ ಅಡ್ವಾನ್ಸ್. ಆಮೇಲೆ ಸಂಘದ ಸಾಲದ ಕಂತು. ವಾರದ ಕಂತು ವಸೂಲಿಗೆ ಬರುವವನು ಗಂಜಿ ಕೇಂದ್ರದ ಗೇಟಿನವರೆಗೂ ಬಂದು ಹೋಗಿದ್ದ. ಬೈಕ್ ಸ್ಟಾಂಡ್ ಹಾಕಿ, ರೇನ್‌ಕೋಟಿನಲ್ಲಿ, ಪುಸ್ತಕ ನೆನೆಯದಂತೆ ಹಿಡಿದು. ಅವನದೂ ಕೆಲಸವೇ ಬಿಡಿ.

ಊರಿನಲ್ಲಿ ಇಬ್ಬರು ಧಾರ್ಮಿಕ ಗುರುಗಳು. ಈ ವಿವರ ಹೊರಗಿನವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ಮೂಡಿಗೆರೆ, ಸಕಲೇಶಪುರ ಕಡೆಯ ಬ್ಯಾರಿಗಳು ಶಾಫಿ ಪದ್ಧತಿಯವರು, ಅವರ ಗುರು ಉಸ್ತಾದರು. ಮನೆಯಲ್ಲಿ ಉರ್ದು ಮಾತಾಡುವವರು ಹನಫಿ, ಅವರಿಗೆ ಮೌಲಾನಾ. ನಮ್ಮ ದುಡ್ಡು ಎರಡೂ ಕಡೆಯಿಂದ ಬಂದಿತ್ತು. ನಿಯಮದಲ್ಲಿ ಸಣ್ಣ ಸಣ್ಣ ವ್ಯತ್ಯಾಸ. ರಂಜಾನ್ ಹಬ್ಬಕ್ಕೆ ಕೊಡುವ ಫಿತ್ರ್ ಜಕಾತನ್ನು ಶಾಫಿಗಳು ಅಕ್ಕಿಯಾಗಿಯೇ ಕೊಡಬೇಕು, ಹನಫಿಗಳು ದುಡ್ಡಾಗಿ ಕೊಡಬಹುದು. ಬೆಳೆಯ ಜಕಾತ್‌ನಲ್ಲೂ ಹಾಗೆ. ಹನಫಿಯಲ್ಲಿ ಮಳೆಯ ನೀರಿನ ಬೆಳೆಗೆ ಹತ್ತರಲ್ಲೊಂದು, ನೀರು ಹಾಯಿಸಿದ್ದಕ್ಕೆ ಇಪ್ಪತ್ತರಲ್ಲೊಂದು ಪಾಲು. ಶಾಫಿಯಲ್ಲಿ ಹೊಟ್ಟೆ ತುಂಬಿಸುವ, ಇಟ್ಟು ತಿನ್ನುವ ಬೆಳೆಗೆ ಮಾತ್ರ. ಕಾಫಿ, ಮೆಣಸು ಆ ಲೆಕ್ಕಕ್ಕೆ ಬರುವುದಿಲ್ಲ. ಕಾಫಿ ನಾಡಿನಲ್ಲಿ ಇದು ಸಣ್ಣ ವ್ಯತ್ಯಾಸವೇನೂ ಅಲ್ಲ!

ಇಬ್ಬರೂ ಕಂಬಳಿ ಲೆಕ್ಕ ನೋಡಿ ತಲೆ ಅಲ್ಲಾಡಿಸಿದರು. ಮೌಲಾನಾ ಹೇಳಿದ ಕಾರಣ: ಜಕಾತ್ ಮುಸ್ಲಿಮ್ ಬಡವರಿಗೆ ಸಲ್ಲಬೇಕು, 22 ಮನೆಗೆ ಹೋದದ್ದು ಜಕಾತ್ ಆಗುವುದಿಲ್ಲ. ಉಸ್ತಾದರ ಕಾರಣ ಬೇರೆ: ರೂಪಾಯಿಯ ಜಕಾತ್ ರೂಪಾಯಿಯಾಗಿಯೇ ಹೋಗಬೇಕು, ಚಾಪೆಯಾಗಿ ಅಲ್ಲ. ಹಾಗಾಗಿ 62,000 ಪೂರ್ತಿಯಾಗಿ ಸದಕಾ ಪುಸ್ತಕಕ್ಕೆ ಬರೆದು, ಜಕಾತ್ ಪುಸ್ತಕಕ್ಕೆ ಅಷ್ಟನ್ನು ವಾಪಸ್ ತುಂಬಿದೆ. ಆವತ್ತಿನಿಂದ ಮೂರು ಪುಸ್ತಕ. ಹಸಿರು ಬೈಂಡಿನದು ಜಕಾತ್, ಕೆಂಪು ಸದಕಾ, ನೀಲಿ ಬಡ್ಡಿ. ಜೀಪಿನ ಡೀಸೆಲ್, ಜೆರಾಕ್ಸ್, ಹುಡುಗರ ಊಟ ಎಲ್ಲ ಕೆಂಪಿನಿಂದ. ಎಂಟು ಬಗೆಯಲ್ಲಿ ಸಂಗ್ರಹಿಸುವವರ ಪಾಲೂ ಇದೆಯಲ್ಲ, ಡೀಸೆಲ್ ಅದರಲ್ಲಿ ಹೋಗಲಿ ಎಂದು ಒಬ್ಬರು ಹೇಳಿದರು. ಹಾಜಿಗಳು ಒಪ್ಪಲಿಲ್ಲ. "ಹಸಿರಿನಿಂದ ಒಂದು ಟೀ ಸಹ ಬೇಡ."

50,000 ಮತ್ತು 5,800

ಪುಸ್ತಕ ಸರಿಯಾದ ಮೇಲೆ ನಿಜವಾದ ಕಷ್ಟ ಕಾಣಿಸಿತು. ಹಸಿರಿನಲ್ಲಿ 4,50,000 ಇದೆ, 9 ಮನೆಗೆ. ಮನೆಗೆ 50,000. ಕೆಂಪಿನಲ್ಲಿ ಉಳಿದದ್ದು 1,28,000, ಮನೆ 22. ಮನೆಗೆ 5,800. ಇವರು ಬೇರೆ ಬೇರೆ ಊರಿನವರಲ್ಲ. ಒಂದೇ ಹಳ್ಳದಿಂದ ಎದ್ದು ಬಂದು, ಒಂದೇ ಕೋಣೆಯಲ್ಲಿ ಮಲಗಿದವರು. ಲೈನಿನ ಗೋಡೆ ಒಂದೇ, ಆಚೆ ಒಂದು ಮನೆ ಈಚೆ ಒಂದು ಮನೆ.

ಈ ಎರಡು ಸಂಖ್ಯೆಯನ್ನು ಹಾಜಿಗಳಿಗೆ ತೋರಿಸಿ ನನ್ನ ಸಲಹೆಯನ್ನೂ ಹೇಳಿದೆ. ದುಡ್ಡು ದುಡ್ಡೇ ಅಲ್ವಾ, ಎಲ್ಲ ಕೂಡಿಸಿ 31ರಿಂದ ಭಾಗಿಸಿ, ಮುಗಿಯಿತು. ಅವರು ಕನ್ನಡಕ ತೆಗೆದು ಒರೆಸಿದರು. "ಕ್ಯೂರಿಂಗ್‌ನಲ್ಲಿ ಕೂಲಿಯವರ ಪಿಎಫ್ ದುಡ್ಡು ಎತ್ತಿ ಕರೆಂಟ್ ಬಿಲ್ ಕಟ್ತಿದ್ರಾ ನೀವು?" ಅಂತ ಕೇಳಿದರು. ನಾನು ಸುಮ್ಮನಾದೆ. ಅಲ್ಲಿಗೆ ನನ್ನ ವಾದ ಮುಗಿದಿತ್ತು. ಪಿಎಫ್ ದುಡ್ಡು ಕಂಪನಿಯ ಖಾತೆಯಲ್ಲಿ ಕೂತಿದ್ದರೂ ಅದು ಕಂಪನಿಯದಲ್ಲ. ಎಷ್ಟು ಒಳ್ಳೆಯ ಕೆಲಸಕ್ಕಾದರೂ ಅದನ್ನು ಮುಟ್ಟುವ ಅಧಿಕಾರ ಲೆಕ್ಕ ಬರೆಯುವವನಿಗೆ ಇಲ್ಲ.

ಈಗಿನ ಕಾಲದ ಕೆಲವು ವಿದ್ವಾಂಸರು ಜಕಾತನ್ನು ಬೇರೆ ಧರ್ಮದ ಬಡವರಿಗೂ ಕೊಡಬಹುದೆಂದು ಹೇಳಿದ್ದಾರೆ ಎಂದು ಕಾಲೇಜು ಹುಡುಗನೊಬ್ಬ ಮೊಬೈಲ್‌ನಲ್ಲಿ ಹುಡುಕಿ ತಂದ. ನಮ್ಮ ಇಬ್ಬರೂ ಗುರುಗಳು ಹಳೆಯ ಅಭಿಪ್ರಾಯವನ್ನು ಬಿಡಲಿಲ್ಲ. ಸದಕಾಕ್ಕೆ ಮಾತ್ರ ಯಾವ ಗೆರೆಯೂ ಇಲ್ಲ, ಯಾರಿಗೆ ಬೇಕಾದರೂ ಎಷ್ಟು ಬೇಕಾದರೂ ಕೊಡಿ ಎಂದು ಇಬ್ಬರೂ ಒಂದೇ ದನಿಯಲ್ಲಿ ಹೇಳಿದರು. ನಿಮ್ಮ ಮೇಲೆ ಯುದ್ಧಕ್ಕೆ ಬರದವರಿಗೆ, ನಿಮ್ಮನ್ನು ಮನೆ ಬಿಡಿಸದವರಿಗೆ ಒಳ್ಳೆಯದು ಮಾಡುವುದನ್ನು ದೇವರು ತಡೆಯುವುದಿಲ್ಲ ಎಂಬ ಅರ್ಥದ ವಚನ ಕುರ್‌ಆನ್‌ನ 60ನೇ ಅಧ್ಯಾಯದಲ್ಲಿದೆ. ಉಸ್ತಾದರು ಅದನ್ನು ಹೇಳಿ, ಬ್ಯಾರಿ ಭಾಷೆಯಲ್ಲಿ ಹಾಜಿಗಳಿಗೆ ಏನೋ ಸೇರಿಸಿದರು. ಹಾಜಿಗಳು ಕನ್ನಡ ಮಾಡಿದರು: "ಇಲ್ಲಿ ಮನೆ ಬಿಡಿಸಿದ್ದು ಗುಡ್ಡ. ಅದಕ್ಕೆ ಧರ್ಮ ಇಲ್ಲ."

ದಾರಿ ತೋರಿಸಿದ್ದು ಮೌಲಾನಾ. ಅವರು ಕಮಿಟಿಯನ್ನು ವಕೀಲ ಎಂದು ಕರೆದರು. ಕೋರ್ಟಿನ ವಕೀಲನಲ್ಲ, ಕೊಟ್ಟವನ ಪರವಾಗಿ ಕೆಲಸ ಮಾಡುವವನು. ದುಡ್ಡು ಬಡವನ ಕೈ ಸೇರುವವರೆಗೂ ಅದು ಕೊಟ್ಟವನದೇ. ಆದ್ದರಿಂದ ಕೊಟ್ಟವನು ಈಗಲೂ ಮನಸ್ಸು ಬದಲಿಸಬಹುದು. ಇದು ಜಕಾತ್ ಆಗುವುದು ಬೇಡ, ಸದಕಾ ಆಗಲಿ, ನನ್ನ ಜಕಾತನ್ನು ಬೇರೆ ಕೊಡುತ್ತೇನೆ ಎನ್ನಬಹುದು. ಕಮಿಟಿಗೆ ಆ ಅಧಿಕಾರ ಇಲ್ಲ, ಅವನಿಗೆ ಇದೆ. ಹಾಗಾದರೆ ಅವನನ್ನೇ ಕೇಳಿ.

ಕೇಳಿದೆವು. ಬಕ್ರೀದ್ ವಾರದಲ್ಲಿ ಕೊಟ್ಟ ಒಬ್ಬೊಬ್ಬರಿಗೂ ಹಾಜಿಗಳು ಫೋನ್ ಮಾಡಿದರು. ಕರೆಂಟ್ ಇಲ್ಲ, ಟವರ್ ಬಂದಾಗ ಬಂತು. ಮಸೀದಿಯ ಮೆಟ್ಟಿಲ ಮೇಲೆ ಜಾಗ ಬದಲಿಸುತ್ತಾ ಎರಡು ದಿನ ಮಾತಾಡಿದರು. ನಾನು ಪಕ್ಕದಲ್ಲಿ ಪುಸ್ತಕ ಹಿಡಿದು ಕೂತಿದ್ದೆ. ಮುಂಗಡ ಕೊಟ್ಟವರಿಗೆ ಇದು ಸುಲಭವಾಯಿತು. ಅವರ ಜಕಾತ್‌ಗೆ ಮುಂದಿನ ರಂಜಾನ್‌ವರೆಗೆ ಸಮಯ ಇತ್ತಲ್ಲ. ಒಬ್ಬರು ಬೆಂಗಳೂರಿನಿಂದ, "ಬದಲಾಯಿಸಿ, ಜಕಾತ್ ಆಮೇಲೆ ಕೊಡ್ತೇನೆ" ಅಂದು ಅರ್ಧ ನಿಮಿಷದಲ್ಲಿ ಫೋನ್ ಇಟ್ಟರು. ಇನ್ನೊಬ್ಬರು ಖಡಾಖಂಡಿತವಾಗಿ ಬೇಡ ಅಂದರು. ಜಕಾತ್ ಅಂತ ನಿಯತ್ತು, ಅಂದರೆ ಸಂಕಲ್ಪ, ಮಾಡಿ ಕೊಟ್ಟದ್ದು, ಹಾಗೇ ಹೋಗಲಿ ಅಂದರು. ಅವರ ಮೇಲೆ ಯಾರೂ ಬೇಸರ ಮಾಡಿಕೊಳ್ಳಲಿಲ್ಲ, ಒತ್ತಾಯವನ್ನೂ ಮಾಡಲಿಲ್ಲ. ಕೊನೆಗೆ 1,20,000 ಹಸಿರಿನಿಂದ ಕೆಂಪಿಗೆ ಬಂತು. ಪ್ರತಿ ಹೆಸರಿನ ಮುಂದೆ ತಾರೀಕು, ಫೋನ್ ಮಾಡಿದ ಹೊತ್ತು ಬರೆದೆ. ಹಳೇ ಚಟ.

ಅದರ ಜೊತೆಗೆ ಜುಮಾ ನಮಾಜಿನ ನಂತರ ಎರಡನೇ ಮನವಿ. ಈ ಸಲ ಬಿಡಿಸಿ ಹೇಳಿದರು: ಇಲ್ಲಿ ಜಕಾತ್ ಸಾಕಾಗಿದೆ, ಕೊಡುವುದಾದರೆ ಸದಕಾ ಕೊಡಿ. ದುಡ್ಡು ಕೇಳುವವರು 'ಈ ಬಗೆಯದು ಸಾಕು' ಎನ್ನುವುದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. 2,12,000 ಬಂತು.

ಹಂಚಿದ್ದು ಹೀಗೆ. ಕಾಗದವಿಲ್ಲದ 19 ಮನೆಗೂ ಒಂದೇ ಮೊತ್ತ, ತಲಾ 30,000. ಅದರಲ್ಲಿ ಮುಸ್ಲಿಮ್ ಮನೆ 8, ಅವರದು ಹಸಿರಿನಿಂದ. ಉಳಿದ 11 ಮನೆಯದು ಕೆಂಪಿನಿಂದ. ಕವರ್ ಒಂದೇ ತರಹದ್ದು, ಕೊಟ್ಟದ್ದು ಒಂದೇ ಬೆಳಿಗ್ಗೆ, ಒಂದೇ ಮೇಜಿನಲ್ಲಿ. ಹಕ್ಕುಪತ್ರ ಇದ್ದ 11 ಮನೆಗೆ ಸರ್ಕಾರದ ದುಡ್ಡು ಬರುವುದಿತ್ತು, ಅವರಿಗೆ ತಲಾ 7,000 ಕೈಖರ್ಚಿಗೆ. ಹಸಿರಿನಲ್ಲಿ ಉಳಿದ 90,000 ಪಕ್ಕದ ಹೋಬಳಿಯಲ್ಲಿ ಮನೆ ಕಳೆದುಕೊಂಡ ಆರು ಮುಸ್ಲಿಮ್ ಕುಟುಂಬಗಳಿಗೆ ತಲಾ 15,000 ಆಗಿ ಹೋಯಿತು. ಕೆಂಪಿನಲ್ಲಿ ಕೊನೆಗೆ ಉಳಿದ 5,000 ಗಂಜಿ ಕೇಂದ್ರದಲ್ಲಿ ಮೂರು ವಾರ ಅಡುಗೆ ಮಾಡಿದ ಹೆಂಗಸರಿಗೆ.

31ರಲ್ಲಿ 30 ಮನೆ ಆಯಿತು. ಒಂದು ಮನೆಯ ಮಾತು ಬೇರೆ.

ತೆಗೆದುಕೊಳ್ಳದ ಬೆಳೆಗಾರರು

ಆ ಒಂಬತ್ತನೇ ಮುಸ್ಲಿಮ್ ಮನೆಯವರು ಬ್ಯಾರಿ, ಸಣ್ಣ ಬೆಳೆಗಾರರು. ಮೂರು ಎಕರೆಯಲ್ಲಿ ಎರಡು ಎಕರೆ ಜಾರಿ ಹಳ್ಳಕ್ಕೆ ಹೋಗಿತ್ತು. ಮನೆಯ ಅರ್ಧ ಗೋಡೆ ಉಳಿದಿತ್ತು. ಸಾಲ ಮಾಡದವರೆಂದು ಊರಲ್ಲಿ ಹೆಸರು. ಮೂರು ತಿಂಗಳ ಹಿಂದೆ ರಂಜಾನ್‌ನಲ್ಲಿ ತಾವೇ ಜಕಾತ್ ಕೊಟ್ಟಿದ್ದರು, ರಸೀದಿ ಪುಸ್ತಕದಲ್ಲಿ ಅವರ ಹೆಸರು ಇದೆ.

ಅವರಿಗೆ ಜಕಾತ್ ಸಲ್ಲುತ್ತದೆಯೇ? ಆ ರಾತ್ರಿ ನಡೆದ ಮಾತು ಇದೇ. ತೋಟ, ಮನೆ ಲೆಕ್ಕಕ್ಕಿಲ್ಲ, ಅವು ಬದುಕಿಗೆ ಬೇಕಾದವು. ಹೆಂಡತಿಯ ಮೈಮೇಲಿನ ಚಿನ್ನ ಹೆಂಡತಿಯದು, ಗಂಡನ ಲೆಕ್ಕಕ್ಕೆ ಸೇರಿಸುವ ಹಾಗಿಲ್ಲ. ಆದರೆ ಕ್ಯೂರಿಂಗ್ ಗೋಡೌನಿನಲ್ಲಿ ಅವರ ಹೆಸರಿನಲ್ಲಿ 20 ಮೂಟೆ ರೋಬಸ್ಟಾ ಚೆರಿ (ಒಣಗಿಸಿದ ಕಾಫಿ ಹಣ್ಣು) ಕೂತಿತ್ತು. ಬೆಲೆ ಏರಲಿ ಎಂದು ಮಾರದೆ ಇಟ್ಟದ್ದು. ಕಾಫಿ ಬೆಲೆ ಆಗ ಬಿದ್ದಿತ್ತು, ಆದರೂ 27 ಸಾವಿರಕ್ಕಿಂತ ಜಾಸ್ತಿಯೇ ಆಗುತ್ತಿತ್ತು. ಬೆಳ್ಳಿಯ ನಿಸಾಬ್ ದಾಟಿದೆ, ಇವರು ಕೊಡುವವರು, ತೆಗೆದುಕೊಳ್ಳುವವರಲ್ಲ ಅಂದರು ಮೌಲಾನಾ. ಉಸ್ತಾದರದು ಬೇರೆ ಲೆಕ್ಕ. ಶಾಫಿಯಲ್ಲಿ ಬಡತನ ಅಳೆಯುವುದು ನಿಸಾಬ್‌ನಿಂದಲ್ಲ, ಸಾಕಾಗುತ್ತದೆಯೋ ಇಲ್ಲವೋ ಎಂಬುದರಿಂದ. ಕೈಯಲ್ಲಿ ಇದ್ದರೂ ಸಂಸಾರಕ್ಕೆ ಸಾಲದಿದ್ದರೆ ಅವನು ತೆಗೆದುಕೊಳ್ಳಬಹುದು. 20 ಮೂಟೆ ಎಷ್ಟು ದಿನ? ಕಾಫಿ ಗಿಡ ನೆಟ್ಟರೆ ಫಸಲಿಗೆ ಎಷ್ಟು ವರ್ಷ? ಮನುಷ್ಯ ಶಾಫಿ, ಕೊಟ್ಟವರಲ್ಲಿ ಅರ್ಧ ಜನ ಶಾಫಿ, ಕೊಡಿ.

ಈ ಜಗಳದಲ್ಲಿ ನಾನು ಉಸ್ತಾದರ ಪಕ್ಷ. ಬೆಳ್ಳಿಯ ಬೆಲೆ ಎಲ್ಲೋ ಕುಸಿದದ್ದಕ್ಕೆ ಮೂಡಿಗೆರೆಯ ಒಬ್ಬ ಮನುಷ್ಯ ಕಾಗದದಲ್ಲಿ ಶ್ರೀಮಂತನಾಗುವುದು ನನಗೆ ಹಿಡಿಸಲಿಲ್ಲ. ಆದರೆ ಮೌಲಾನಾ ಹೇಳಿದ್ದರಲ್ಲೂ ಹುರುಳಿದೆ. ಬೆಳ್ಳಿಯ ಮಿತಿ ಇಟ್ಟುಕೊಂಡರೆ ಕೊಡುವವರ ಸಂಖ್ಯೆ ಜಾಸ್ತಿಯಾಗುತ್ತದೆ. ಚಿನ್ನದ ಮಿತಿ ಇಟ್ಟರೆ ನಮ್ಮ ಊರಿನ ಮುಕ್ಕಾಲು ರಸೀದಿ ಹರಿಯುವುದೇ ಇಲ್ಲ.

ಬೆಳಿಗ್ಗೆ ಹಾಜಿಗಳು ಅವರ ಹತ್ತಿರ ಹೋದರು. ಅವರು ಒಂದೇ ಮಾತು ಹೇಳಿದರಂತೆ: "ಹಾಜಿಕ್ಕ, ಮೊನ್ನೆ ಕೊಟ್ಟ ಕೈ ಇದು. ಸ್ವಲ್ಪ ಸಮಯ ಕೊಡಿ." ಎರಡು ಪದ್ಧತಿಯ ವಾದ ಅಲ್ಲಿಗೆ ನಿಂತಿತು. ಕೆಂಪು ಪುಸ್ತಕದಿಂದ 40,000 ಸಾಲ, ಬಡ್ಡಿ ಇಲ್ಲ, ವಾಯಿದೆ ಇಲ್ಲ. ಖರ್ಜೆ ಹಸನ ಅನ್ನುತ್ತಾರೆ. ಇದಕ್ಕೆ ಅವರು ಒಪ್ಪಿದರು. ನಾನು ಬರೆದ ಚೀಟಿಗೆ ಸಹಿ ಹಾಕಿ, ಸಾಕ್ಷಿಗೆ ಇಬ್ಬರನ್ನು ತಾವೇ ಕರೆದುಕೊಂಡು ಬಂದರು.

ಕಟ್ಟದ ಮನೆ, ಕೇಳದ ಪ್ರಶ್ನೆ

ಗಲ್ಫಿನಲ್ಲಿದ್ದ ಊರಿನವರೊಬ್ಬರು ಐದು ಮನೆ ಕಟ್ಟಿಸಿಕೊಡುತ್ತೇನೆ ಅಂದಿದ್ದರು. ಅವರದು ಇಂಡಿಯಾ ಪಾಸ್‌ಪೋರ್ಟ್, ದುಡ್ಡು ಬ್ಯಾಂಕಿನ ಮೂಲಕ ಬಂದರೆ ವಿದೇಶಿ ದೇಣಿಗೆಯ ಕಾನೂನು ಅಡ್ಡ ಬರುತ್ತಿರಲಿಲ್ಲ. ಅಡ್ಡ ಬಂದದ್ದು ಜಾಗ. ಲೈನಿನವರಿಗೆ ಜಾಗವಿಲ್ಲ, 94ಸಿಯವರ ಜಾಗ ಅವರದಲ್ಲ. ಜಕಾತ್ ಸಂದಾಯ ಆಗಬೇಕಾದರೆ ಬಡವನು ಅದರ ಮಾಲೀಕನಾಗಬೇಕು, ಅದಕ್ಕೆ ತಮ್ಲೀಕ್ ಎನ್ನುತ್ತಾರೆ. ಟ್ರಸ್ಟಿನ ಹೆಸರಿನಲ್ಲಿ ಮನೆ ಕಟ್ಟಿ ಇರಲು ಕೊಟ್ಟರೆ ಅದು ಜಕಾತ್ ಅಲ್ಲ, ಇನ್ನೊಂದು ಲೈನ್ ಮನೆ. ಬೋರ್ಡ್ ಹಾಕುವ ಮಾತೂ ಬಂದಿತ್ತು. ಅದು ಅಲ್ಲಿಗೇ ಬಿತ್ತು.

ತಮ್ಲೀಕ್‌ನ ಇನ್ನೊಂದು ಮುಖ ಹುಡುಗರಿಗೆ ಕಷ್ಟವಾಯಿತು. ಕೊಟ್ಟ ಮೇಲೆ ಕೇಳುವ ಹಾಗಿಲ್ಲ. ಒಬ್ಬರು 30,000ದಲ್ಲಿ ಸಾಲ ತೀರಿಸಿದರು. ಹೆಚ್ಚಿನವರು ಅಡ್ವಾನ್ಸ್ ಕೊಟ್ಟು ಪೇಟೆಯಲ್ಲಿ ಬಾಡಿಗೆ ಹಿಡಿದರು. ಒಬ್ಬರು ಮಗಳ ನಿಶ್ಚಿತಾರ್ಥ ಮಾಡಿದರು, ಬಾಡಿಗೆ ಕಟ್ಟಲಾಗದೆ ತಂಗಿಯ ಮನೆ ಸೇರಿದರು. ಹಾಜಿಗಳಿಗೆ ಸಿಟ್ಟು ಬಂತು. ಮೌಲಾನಾ, "ನಿಮ್ಮ ಮಗಳ ನಿಶ್ಚಿತಾರ್ಥ ಯಾರನ್ನ ಕೇಳಿ ಮಾಡಿದ್ರಿ?" ಅಂದರು. ಸಿಟ್ಟು ಇಳಿಯಲಿಲ್ಲ, ಆದರೆ ಮಾತು ನಿಂತಿತು. ಆ ಮನೆಯವರಿಗೆ ನಾವು ಕೊಟ್ಟದ್ದು ಉಪಯೋಗವಾಯಿತೋ ಇಲ್ಲವೋ ಅಂತ ನಾನು ಇವತ್ತಿಗೂ ಯೋಚಿಸುತ್ತೇನೆ.

ಅಸ್ಸಾಮಿನಿಂದ ಬಂದ ಎರಡು ಕುಟುಂಬ ಇದ್ದವು. ಅವರು 'ದಾರಿಯಲ್ಲಿ ಸಿಕ್ಕಿಕೊಂಡ ಪ್ರಯಾಣಿಕ'ರೋ ಬರೀ ಬಡವರೋ ಎಂದು ಸ್ವಲ್ಪ ಚರ್ಚೆಯಾಯಿತು. ಸುಮ್ನೆ ಚರ್ಚೆ, ಯಾವ ಬಗೆಯಲ್ಲಿ ಬರೆದರೂ ಸಲ್ಲುತ್ತಿತ್ತು. ಅವರಲ್ಲಿ ಒಬ್ಬನಿಗೆ ದುಡ್ಡಿನ ಮೇಲೆ ಗಮನವೇ ಇರಲಿಲ್ಲ. ಆ ಆಗಸ್ಟ್ 31ಕ್ಕೆ ಅಸ್ಸಾಮಿನಲ್ಲಿ ಎನ್‌ಆರ್‌ಸಿಯ, ಅಂದರೆ ದೇಶದ ಪೌರರು ಯಾರೆಂಬ ನೋಂದಣಿಯ, ಕೊನೆಯ ಪಟ್ಟಿ ಬರುವುದಿತ್ತು. ಅವನ ಕಾಗದವೆಲ್ಲ ತಗಡಿನ ಪೆಟ್ಟಿಗೆಯಲ್ಲಿ, ಪೆಟ್ಟಿಗೆ ಮಣ್ಣಿನಡಿಯಲ್ಲಿ. ಎರಡು ದಿನ ಗುದ್ದಲಿ ಹಿಡಿದು ಅಗೆದ, ಸಿಗಲಿಲ್ಲ. 30,000 ತೆಗೆದುಕೊಂಡು ಹೆಂಡತಿ ಮಕ್ಕಳ ಜೊತೆ ರೈಲು ಹತ್ತಿದ. ಪಟ್ಟಿಯಲ್ಲಿ 19 ಲಕ್ಷ ಜನರ ಹೆಸರು ಇರಲಿಲ್ಲ ಎಂದು ಪೇಪರಿನಲ್ಲಿ ಓದಿದೆ. ಅವನ ಫೋನ್ ಆಮೇಲೆ ಹತ್ತಲಿಲ್ಲ.

ಇದೇ ಕೆಲಸ ದೊಡ್ಡದಾಗಿ

ನಾವು ಮೆಟ್ಟಿಲ ಮೇಲೆ ಕೂತು ಕಂಡುಕೊಂಡದ್ದನ್ನು ದೊಡ್ಡ ಸಂಸ್ಥೆಯೊಂದು ಅದೇ ವರ್ಷ ಶುರುಮಾಡಿತ್ತು ಎಂದು ಆಮೇಲೆ ಗೊತ್ತಾಯಿತು. ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿ (ಯುಎನ್‌ಎಚ್‌ಸಿಆರ್) 2017ರಲ್ಲಿ ಪ್ರಯೋಗವಾಗಿ ನೋಡಿ, 2019ರಲ್ಲಿ ನಿರಾಶ್ರಿತರ ಜಕಾತ್ ನಿಧಿಯನ್ನು ತೆರೆಯಿತು. ವಿದ್ವಾಂಸರಿಂದ ಫತ್ವಾ ಪಡೆದು, ಜಕಾತ್ ಎಂದು ಬಂದ ದುಡ್ಡು ನೂರಕ್ಕೆ ನೂರೂ ಕುಟುಂಬಗಳಿಗೆ ಹೋಗಬೇಕು, ಕಚೇರಿಯ ಖರ್ಚು ಅದರಲ್ಲಿ ಹಿಡಿಯಬಾರದು ಎಂದು ಇಟ್ಟುಕೊಂಡಿತು. ಹಾಜಿಗಳ 'ಟೀ ಸಹ ಬೇಡ' ಲೆಕ್ಕವೇ. ಜೋರ್ಡನ್‌ನಲ್ಲಿ ಸಿರಿಯಾದ ನಿರಾಶ್ರಿತರು ಎಟಿಎಂನಲ್ಲಿ ಕಣ್ಣು ತೋರಿಸಿ ನಗದು ತೆಗೆದುಕೊಳ್ಳುತ್ತಿದ್ದರು. ಕಾರ್ಡ್ ಕಳೆದುಹೋಗುವ ಭಯವಿರಲಿಲ್ಲ. ಬಾಂಗ್ಲಾದೇಶದ ಶಿಬಿರಗಳಲ್ಲಿ ರೋಹಿಂಗ್ಯರಿಗೆ ಮಾತ್ರ ನಗದಿನ ಬದಲು ಸಾಮಾನು. 2024ರ ಕೊನೆಗೆ ಜಗತ್ತಿನಲ್ಲಿ ಮನೆ ಬಿಟ್ಟು ಓಡಬೇಕಾದವರು 12.32 ಕೋಟಿ ಎಂಬುದು ಅದೇ ಕಚೇರಿಯ ಲೆಕ್ಕ. ಯುದ್ಧ, ಹಿಂಸೆಯಿಂದ ಓಡಿದವರು ಮಾತ್ರ. ಗುಡ್ಡ ಓಡಿಸಿದ ನಮ್ಮ 31 ಮನೆಯಂಥವರು ಆ ಲೆಕ್ಕಕ್ಕೆ ಬರುವುದಿಲ್ಲ.

ಆಮೇಲೆ

2020ರ ರಂಜಾನ್ ಏಪ್ರಿಲ್ 25ಕ್ಕೆ ಶುರುವಾಯಿತು, ಲಾಕ್‌ಡೌನ್ ನಡುವೆ. ಮಸೀದಿಗೆ ಬೀಗ. ಬಂದಷ್ಟು ಜಕಾತ್ ಎಲ್ಲ ರೇಷನ್ ಕಿಟ್‌ಗೆ ಹೋಯಿತು. ಬಾಡಿಗೆ ಹಿಡಿದಿದ್ದ ಹೆಚ್ಚಿನವರು ಕೂಲಿ ಇಲ್ಲದೆ ಮನೆ ಖಾಲಿ ಮಾಡಿದರು. ಆರು ಮನೆಯವರು ಬೇರೆ ತೋಟದ ಲೈನಿಗೆ ಸೇರಿದರು. ಅಂದರೆ 30,000 ಅವರಿಗೆ ಕೊಟ್ಟದ್ದು ಎಂಟು ತಿಂಗಳು. 94ಸಿಯ ಐದು ಅರ್ಜಿ ನಾನು ಲೆಕ್ಕ ಬಿಡುವಾಗಲೂ ಅಲ್ಲೇ ಇದ್ದವು.

ಬೆಳೆಗಾರರು 40,000ವನ್ನು ಮೂರು ಸಲವಾಗಿ ತೀರಿಸಿದರು. ಕೊನೆಯ ಕಂತು 2021ರಲ್ಲಿ, ಮೆಣಸು ಕೊಯ್ದ ಮೇಲೆ. ರಂಜಾನ್ ಶುರುವಾಗಿತ್ತು. ನಾನು ಚೀಟಿಯನ್ನು ಹರಿದು ಅವರ ಕೈಗೆ ಕೊಟ್ಟೆ. ಅವರು ಜೇಬಿನಿಂದ ಇನ್ನೊಂದು ಕವರ್ ತೆಗೆದು ಮೇಜಿನ ಮೇಲಿಟ್ಟರು. "ಇದು ಜಕಾತ್. ಹಸಿರಿಗೆ ಬರೀರಿ." ಎಣಿಸಿದೆ, 1,100 ರೂಪಾಯಿ. ನೂರಕ್ಕೆ ಎರಡೂವರೆಯಂತೆ ಹಿಂದಕ್ಕೆ ಲೆಕ್ಕ ಹಾಕಿದರೆ ಅವರ ಉಳಿತಾಯ ಎಷ್ಟೆಂದು ಯಾರಿಗಾದರೂ ತಿಳಿದುಬಿಡುತ್ತದೆ. ನನ್ನ ಕೈ ಆಗಲೇ ಪೆನ್ಸಿಲ್ ಹಿಡಿದಿತ್ತು. ಅವರು ನೋಡುತ್ತಿದ್ದರು. ಪೆನ್ಸಿಲ್ ಕೆಳಗಿಟ್ಟು ರಸೀದಿ ಬರೆದೆ.